ಯಂತ್ರವು ಓದುವ ವಿವರಣೆ

ಕೋಲಾರದ ಟೊಮೇಟೊ ಮಂಡಿಯಲ್ಲಿ ಹರಾಜು ನಡೆಯುವಾಗ ಕೂಗುವವನು “ಮುನ್ನೂರು” ಎಂದರೆ ಅಲ್ಲಿ ನೆರೆದವರಾರೂ “ಎಷ್ಟಕ್ಕೆ ಮುನ್ನೂರು?” ಎಂದು ಕೇಳುವುದಿಲ್ಲ. 15 ಕಿಲೋಗ್ರಾಂ ಹಣ್ಣು ಹಿಡಿಯುವ ಪೆಟ್ಟಿಗೆಯೊಂದಕ್ಕೆ ಮುನ್ನೂರು ರೂಪಾಯಿ ಎಂಬುದು ರೈತನಿಗೂ ಗೊತ್ತು, ದಲ್ಲಾಳಿಗೂ ಗೊತ್ತು, ಪೆಟ್ಟಿಗೆಯನ್ನು ಹೊರುವ ಹಮಾಲಿಗೂ ಗೊತ್ತು. ಅದೇ ದಿನ, ಅದೇ ಹಣ್ಣಿನ ಧಾರಣೆಯನ್ನು ಸರ್ಕಾರದ ಮಾರುಕಟ್ಟೆ ವರದಿಯಲ್ಲಿ ನೋಡಿದರೆ 2000 ಎಂದಿರುತ್ತದೆ. ಅಲ್ಲಿಯ ಲೆಕ್ಕ ಕ್ವಿಂಟಲಿಗೆ. 15 ಕಿಲೋಗ್ರಾಮಿಗೆ 300 ರೂಪಾಯಿಯಾದರೆ 100 ಕಿಲೋಗ್ರಾಮಿಗೆ 2000 ರೂಪಾಯಿ; ಎರಡೂ ಒಂದೇ ಬೆಲೆ. ಹೀಗೆ ಒಂದೇ ಸಂಗತಿಯನ್ನು ಹೇಳುವ ಎರಡು ಸಂಖ್ಯೆಗಳು ನಮ್ಮ ಜಿಲ್ಲೆಯಲ್ಲಿ ಬಹುಕಾಲದಿಂದ ನೆಮ್ಮದಿಯಾಗಿ ಅಕ್ಕಪಕ್ಕದಲ್ಲಿ ಬಾಳಿಕೊಂಡು ಬಂದಿವೆ.

ಮನುಷ್ಯರ ವ್ಯವಹಾರದಲ್ಲಿ ಹೀಗೆ ಹೇಳದೆ ಬಿಟ್ಟ ಮಾತುಗಳು ಎಷ್ಟೋ ಇರುತ್ತವೆ; ಅವುಗಳಿಂದ ಸಾಮಾನ್ಯವಾಗಿ ಕೇಡಿಲ್ಲ. ಮಂಡಿಗೆ ಹೊಸಬನಾದವನು ಅರೆಗಳಿಗೆ ನಿಂತು ನೋಡಿದರೆ ಸಾಕು, ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಆಗಲೂ ತಿಳಿಯದಿದ್ದರೆ ಪಕ್ಕದವರನ್ನು ಕೇಳುತ್ತಾನೆ. ಆದರೆ ಕೆಲವು ವರ್ಷಗಳಿಂದೀಚೆಗೆ ಬೆಲೆಯ ಪಟ್ಟಿ, ಪಹಣಿ, ಮಳೆಯ ವರದಿ ಮುಂತಾದವನ್ನು ಓದುವ ಹೊಸ ಬಗೆಯ ಓದುಗನೊಬ್ಬನು ಹುಟ್ಟಿಕೊಂಡಿದ್ದಾನೆ. ಅವನು ಮಂಡಿಯನ್ನು ಕಂಡವನಲ್ಲ. ಅವನ ಪಕ್ಕದಲ್ಲಿ ಕೇಳಿ ತಿಳಿಯಲು ಯಾರೂ ಇಲ್ಲ. ಮುಂದಿಟ್ಟ ಬರಹವೇ ಅವನ ಲೋಕ. ಕೃತಕ ಬುದ್ಧಿಮತ್ತೆಯ ಏಜೆಂಟ್ ಎಂದು ಕರೆಯುವುದು ಇದನ್ನೇ. ಈ ಓದುಗನ ಕೈಗೆ ಸಾಫ್ಟ್‌ವೇರ್ ಸಾಧನಗಳನ್ನು ಕೊಡುವಾಗ ಅವುಗಳ ವಿವರಣೆಯನ್ನು ಹೇಗೆ ಬರೆಯಬೇಕೆಂಬುದೇ ಪ್ರಸ್ತುತ ಲೇಖನದ ವಿಷಯ.

ಏಜೆಂಟ್ ಎಂದರೇನು? ಅದರ ಹೃದಯಸ್ಥಾನದಲ್ಲಿರುವುದು ಒಂದು ಭಾಷಾ ಮಾದರಿ. ಅಪಾರವಾದ ಬರಹರಾಶಿಯನ್ನು ಉಣಿಸಿ, ಒಂದು ಮಾತಿನ ಬಳಿಕ ಯಾವ ಮಾತು ಬರುವುದು ಹೆಚ್ಚು ಸಂಭವನೀಯವೆಂಬುದನ್ನು ಕಲಿಸಿದ ಗಣಿತ ರಚನೆಯೆಂದು ಅದನ್ನು ಸ್ಥೂಲವಾಗಿ ವರ್ಣಿಸಬಹುದು. ಇಂದಿನ ಟೊಮೇಟೊ ಬೆಲೆ ಅದರೊಳಗಿಲ್ಲ. ಕಲಿಕೆ ಮುಗಿದ ದಿನಕ್ಕೇ ಅದರ ಲೋಕಜ್ಞಾನವೂ ನಿಂತಿರುತ್ತದೆ. ಆದಕಾರಣ ಅದಕ್ಕೆ ಸಾಧನಗಳನ್ನು ಒದಗಿಸುತ್ತಾರೆ. ಊರಿನ ಹೆಸರು, ಸರಕಿನ ಹೆಸರು, ದಿನಾಂಕ ಇಷ್ಟನ್ನು ಕೊಟ್ಟರೆ ಬೆಲೆಯನ್ನು ಹುಡುಕಿ ತರುವ ಚಿಕ್ಕ ಪ್ರೋಗ್ರಾಂ ಅಂಥ ಒಂದು ಸಾಧನ. ಸಾಮಾನ್ಯವಾಗಿ ಆ ಪ್ರೋಗ್ರಾಮಿನ ಒಳಗನ್ನು ಮಾದರಿಯು ಕಾಣದು. ಅದಕ್ಕೆ ಕಾಣುವುದು ಮೂರೇ: ಸಾಧನದ ಹೆಸರು, ಅದು ಏನು ಮಾಡುತ್ತದೆಂಬ ವಿವರಣೆ, ಮತ್ತು ಕೊಡಬೇಕಾದ ಅಂಶಗಳ ಪಟ್ಟಿ. ರೈತನ ಪ್ರಶ್ನೆಯೊಡನೆ ಈ ಮೂರನ್ನೂ ಬರಹದ ರೂಪದಲ್ಲಿಯೇ ಮಾದರಿಯ ಮುಂದಿಡುತ್ತಾರೆ. ಅದು ಓದಿ, “ಇಂಥ ಸಾಧನವನ್ನು ಇಂಥ ಅಂಶಗಳೊಡನೆ ನಡೆಸಿ” ಎಂಬ ಚೀಟಿಯೊಂದನ್ನು ಬರೆಯುತ್ತದೆ. ಬೇರೊಂದು ಸಾಮಾನ್ಯ ಪ್ರೋಗ್ರಾಂ ಆ ಚೀಟಿಯಂತೆ ನಡೆದು, ಬಂದ ಫಲವನ್ನು ಮತ್ತೆ ಬರಹವಾಗಿ ಒಪ್ಪಿಸುತ್ತದೆ. ಫಲವನ್ನು ಓದಿದ ಮಾದರಿ ಒಂದೋ ಉತ್ತರ ಹೇಳುತ್ತದೆ, ಇಲ್ಲವೆ ಇನ್ನೊಂದು ಚೀಟಿ ಬರೆಯುತ್ತದೆ. ಓಪನ್‌ಎಐ ಸಂಸ್ಥೆ ಇಂಥ ಚೀಟಿಗಳ ಏರ್ಪಾಡನ್ನು ತನ್ನ ಮಾದರಿಗಳಿಗೆ 2023ರ ಜೂನ್ ತಿಂಗಳಿನಲ್ಲಿ ಜೋಡಿಸಿತು. ಯಾರ ಸಾಧನವನ್ನಾದರೂ ಯಾರ ಮಾದರಿಗಾದರೂ ಒಂದೇ ರೀತಿಯಲ್ಲಿ ಪರಿಚಯ ಮಾಡಿಕೊಡುವ ಒಪ್ಪಂದವೊಂದನ್ನು ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಹೊರತಂದಿತು. ಅದರ ಹೆಸರು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್.

ಇದನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕೆಂದು ನಾನೊಂದು ಪುಟ್ಟ ಸಾಧನವನ್ನು ಮಾಡಿದೆ. 2000ನೆಯ ಇಸವಿಯಲ್ಲಿ ಆರಂಭವಾದ ಅಗ್‌ಮಾರ್ಕ್‌ನೆಟ್ ಎಂಬ ಕೇಂದ್ರ ಸರ್ಕಾರದ ವ್ಯವಸ್ಥೆ ದೇಶದ ಮಾರುಕಟ್ಟೆಗಳ ಧಾರಣೆಗಳನ್ನು ಕಲೆಹಾಕುತ್ತದೆ. ಸರ್ಕಾರದ ತೆರೆದ ದತ್ತಾಂಶ ಭಂಡಾರದಲ್ಲಿ ಅದನ್ನು ಯಾರು ಬೇಕಾದರೂ ಪಡೆಯಬಹುದು. ಒಂದೊಂದು ದಾಖಲೆಯಲ್ಲಿಯೂ ಬೆಲೆಗೆ ಸಂಬಂಧಿಸಿದ ಮೂರು ಸಂಖ್ಯೆಗಳಿರುತ್ತವೆ: ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಮತ್ತು ಹೆಚ್ಚಿನ ಸರಕು ಯಾವ ಬೆಲೆಗೆ ಮಾರಾಟವಾಯಿತೋ ಆ ರೂಢಿಯ ಬೆಲೆ. ಕಂಪ್ಯೂಟರಿಗೆ ಬರುವ ರೂಪದಲ್ಲಿ ಈ ಅಂಕಣಗಳ ಹೆಸರಿನಲ್ಲಿ ಏಕಮಾನದ ಸುಳಿವೇ ಇಲ್ಲ. ನಾನು ನನ್ನ ಸಾಧನಕ್ಕೆ “ಬೆಲೆ ತರು” ಎಂದು ಹೆಸರಿಟ್ಟು, ವಿವರಣೆಯ ಜಾಗದಲ್ಲಿ “ಮಾರುಕಟ್ಟೆಯ ಬೆಲೆಯನ್ನು ಕೊಡುತ್ತದೆ” ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡೆ. ಕೋಲಾರದಲ್ಲಿ ಹುಟ್ಟಿ ಬೆಳೆದ ನನಗೆ ಅದಕ್ಕಿಂತ ಹೆಚ್ಚಿನದೇನೂ ಹೊಳೆಯಲಿಲ್ಲ. “ಕೋಲಾರದಲ್ಲಿ ಟೊಮೇಟೊ ಪೆಟ್ಟಿಗೆಗೆ ಎಷ್ಟಿದೆ?” ಎಂದು ಕೇಳಿದಾಗ ಏಜೆಂಟ್ ಸಾಧನವನ್ನು ಸರಿಯಾಗಿಯೇ ನಡೆಸಿತು, ಸಂಖ್ಯೆಯನ್ನೂ ಸರಿಯಾಗಿಯೇ ತಂದಿತು, ಆಮೇಲೆ ಕ್ವಿಂಟಲಿನ ಬೆಲೆಯನ್ನು ಪೆಟ್ಟಿಗೆಯ ಬೆಲೆಯೆಂದು ಸ್ವಚ್ಛವಾದ ಕನ್ನಡದಲ್ಲಿ, ಸ್ವಲ್ಪವೂ ಅಳುಕಿಲ್ಲದೆ ಹೇಳಿತು. ಆರೂವರೆ ಪಟ್ಟಿಗಿಂತಲೂ ಹೆಚ್ಚಿನ ತಪ್ಪು. ಏಕಮಾನವಿಲ್ಲದೆ 9.8 ಎಂದು ಬರೆದ ವಿದ್ಯಾರ್ಥಿಗೆ ಅರ್ಧ ಅಂಕ ಕಳೆಯುವ ಮೇಷ್ಟರ ಕೈಯಿಂದಲೇ ಈ ಕೆಲಸವಾಗಿತ್ತೆಂದು ತರಗತಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲವಷ್ಟೆ.

ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಹೊಡೆದು ಕಾಣಬೇಡವೆ ಎಂದು ವಾಚಕರು ಕೇಳಬಹುದು. ಇಲ್ಲಿಯೇ ಗಹನವಾದ ಸಂಗತಿಯೊಂದಿದೆ. 2023ರ ಜುಲೈ ತಿಂಗಳಿನಲ್ಲಿ ದೇಶದಲ್ಲೆಲ್ಲ ಟೊಮೇಟೊ ಅಭಾವವುಂಟಾದಾಗ ಕೋಲಾರದಲ್ಲಿ 15 ಕಿಲೋಗ್ರಾಮಿನ ಪೆಟ್ಟಿಗೆ ನಿಜವಾಗಿಯೂ 2000 ರೂಪಾಯಿಗಳನ್ನು ಮೀರಿ ಮಾರಾಟವಾಯಿತು. ಪತ್ರಿಕೆಗಳೆಲ್ಲ ಅದನ್ನು ಬರೆದವು. ಅಂಥ ವರದಿಗಳನ್ನು ಓದಿ ಕಲಿತ ಮಾದರಿಗೆ “ಪೆಟ್ಟಿಗೆಗೆ 2000” ಎಂಬುದು ಅಸಂಬದ್ಧವಾಗಿ ತೋರಲು ಕಾರಣವೇ ಇಲ್ಲ. ಮನುಷ್ಯನಾದ ಓದುಗನು ವಿವರಣೆಯಲ್ಲಿ ಕೊರತೆ ಕಂಡರೆ ನಿಲ್ಲುತ್ತಾನೆ, ಗೊಣಗುತ್ತಾನೆ, ದೂರವಾಣಿ ಮಾಡುತ್ತಾನೆ. ಭಾಷಾ ಮಾದರಿಯ ಸ್ವಭಾವವು ಬೇರೆ: ಖಾಲಿ ಬಿಟ್ಟ ಜಾಗವನ್ನು ಸಂಭವನೀಯವಾದ ಮಾತಿನಿಂದ ತುಂಬುವುದಕ್ಕಾಗಿಯೇ ಅದನ್ನು ತಯಾರಿಸಿರುವುದು. ನಾವು ಹೇಳದೆ ಬಿಟ್ಟದ್ದು ಅದರ ಕೈಯಲ್ಲಿ ಖಾಲಿಯಾಗಿ ಉಳಿಯುವುದು ಅಪರೂಪ. ಒಂದು ಊಹೆ ಅಲ್ಲಿ ಬಂದು ಕುಳಿತುಕೊಳ್ಳುತ್ತದೆ. ಅದು ಊಹೆಯೆಂದು ಉತ್ತರದ ಮೇಲೆ ಗುರುತೂ ಇರುವುದಿಲ್ಲ. ಗದ್ದೆಯ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಪ್ರಶ್ನೆ ಕೇಳಿದ ರೈತನು ಆ ಉತ್ತರವನ್ನು ನಂಬಿ, ವ್ಯಾಪಾರಿಯೊಬ್ಬನು ತೋಟದಲ್ಲಿಯೇ ಕೊಡಲು ಬಂದ ನ್ಯಾಯವಾದ ಬೆಲೆಯನ್ನು ನಿರಾಕರಿಸಿದರೆ ನಷ್ಟ ಮಾದರಿಗಲ್ಲ.

ನಾವು ಪ್ರೋಗ್ರಾಮಿನ ಒಂದಕ್ಷರವನ್ನೂ ಮುಟ್ಟದೆ ವಿವರಣೆಯನ್ನು ಮಾತ್ರ ತಿದ್ದಿದೆವು. ತಿದ್ದಿದ ರೂಪ ಹೀಗಿದೆ: “ಕೃಷಿ ಮಾರುಕಟ್ಟೆಯೊಂದರಲ್ಲಿ ಒಂದು ಸರಕಿಗೆ ಒಂದು ದಿನ ದಾಖಲಾದ ಕನಿಷ್ಠ, ಗರಿಷ್ಠ ಮತ್ತು ರೂಢಿಯ ಬೆಲೆಗಳನ್ನು ಕೊಡುತ್ತದೆ. ಮೂರೂ ರೂಪಾಯಿಗಳಲ್ಲಿ, 100 ಕಿಲೋಗ್ರಾಂ ತೂಕಕ್ಕೆ. ಕೋಲಾರದಲ್ಲಿ ಟೊಮೇಟೊ ಬೆಲೆಯನ್ನು 15 ಕಿಲೋಗ್ರಾಮಿನ ಪೆಟ್ಟಿಗೆಯ ಲೆಕ್ಕದಲ್ಲಿ ಆಡುವುದು ರೂಢಿ. ಕೇಳಿದವರು ಪೆಟ್ಟಿಗೆ ಎಂದರೆ ಬಂದ ಸಂಖ್ಯೆಯನ್ನು 0.15ರಿಂದ ಗುಣಿಸಿ, ಎರಡು ಲೆಕ್ಕವನ್ನೂ ಹೇಳಿ. ಬೇರೆ ಮಾರುಕಟ್ಟೆಗಳ ಪೆಟ್ಟಿಗೆಯ ತೂಕ ಬೇರೆಯಿರಬಹುದು, ತಿಳಿಯದಿದ್ದರೆ ಕೇಳಿ. ಇದು ನಡೆದ ಮಾರಾಟದ ದಾಖಲೆ. ನಾಳಿನ ಬೆಲೆಯನ್ನು ಹೇಳುವುದಕ್ಕೆ ಬಳಸಬೇಡಿ.” ಈ ಕೆಲವೇ ಸಾಲುಗಳಿಂದ ಹಿಂದಿನ ತಪ್ಪು ನಮ್ಮ ತರಗತಿಯಲ್ಲಿ ಮರುಕಳಿಸಲಿಲ್ಲ. ಇಲ್ಲಿ ಗಮನಿಸತಕ್ಕ ಮಾತೆಂದರೆ ಕೊನೆಯ ವಾಕ್ಯ. ಸಾಧನವು ಏನು ಮಾಡುತ್ತದೆಂದು ಬರೆಯುವುದು ಎಲ್ಲರಿಗೂ ತೋಚುತ್ತದೆ. ಏನು ಮಾಡುವುದಿಲ್ಲವೆಂದು ಬರೆಯುವುದು ಬಲ್ಲವರಿಗೂ ಮರೆತುಹೋಗುತ್ತದೆ.

ಬೆಲೆಗಿಂತ ಭೂಮಿಯ ಲೆಕ್ಕದಲ್ಲಿ ಅಪಾಯ ಇನ್ನೂ ಸೂಕ್ಷ್ಮವಾಗಿದೆ. ಕರ್ನಾಟಕದಲ್ಲಿ ಭೂಮಿ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಈ ಶತಮಾನದ ಆರಂಭದಲ್ಲಿಯೇ ಕಂಪ್ಯೂಟರಿಗೆ ಬಂದುವು. ಮಾಲೂರು ತಾಲ್ಲೂಕಿನ ಯಾವುದಾದರೊಂದು ಪಹಣಿಯಲ್ಲಿ ವಿಸ್ತೀರ್ಣ 1.20 ಎಂದಿದೆಯೆನ್ನೋಣ. ನಮ್ಮ ಕಡೆಯ ಯಾವ ಹಿರಿಯರೂ ಅದನ್ನು ಒಂದು ಎಕರೆ ಇಪ್ಪತ್ತು ಗುಂಟೆ ಎಂದು ಓದುತ್ತಾರೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಒಂದೂವರೆ ಎಕರೆ. ಆ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ, ಬರಿಯ ಬೇಲಿ. ಅದನ್ನು ಹೇಳದೆ ಸಾಧನವು “ವಿಸ್ತೀರ್ಣ: 1.20” ಎಂದು ಒಪ್ಪಿಸಿದರೆ ಏಜೆಂಟ್ ಅದನ್ನು ಒಂದು ಎಕರೆ ಮತ್ತು ಹತ್ತರಲ್ಲಿ ಎರಡು ಭಾಗವೆಂದು ಓದಬಹುದು. ಹನ್ನೆರಡು ಗುಂಟೆ ಹಾಗೆಯೇ ಮಾಯವಾಗುತ್ತದೆ. ಬೆಂಗಳೂರಿನ ಮಗ್ಗುಲಿಗೇ ಇರುವ ಮಾಲೂರಿನಲ್ಲಿ ಹನ್ನೆರಡು ಗುಂಟೆಗೆ ಎಷ್ಟು ವ್ಯಾಜ್ಯಗಳು ನಡೆಯಬಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೂಡುವಾಗಲೂ ಹಾಗೆಯೇ: 1.30ಕ್ಕೆ 1.20ನ್ನು ಸೇರಿಸಿದರೆ ಅಂಕಗಣಿತದಲ್ಲಿ 2.50, ಪಹಣಿಯಲ್ಲಿ 3.10. ಇದರ ಜೊತೆಗೆ ಖರಾಬು ಜಮೀನನ್ನು ಕಳೆದ ವಿಸ್ತೀರ್ಣವೋ, ಸೇರಿಸಿದ ವಿಸ್ತೀರ್ಣವೋ ಎಂಬ ಪ್ರಶ್ನೆ ಬೇರೆ. ಇಂಥಲ್ಲಿ ಉತ್ತಮವಾದ ಉಪಾಯವೆಂದರೆ ವಿವರಣೆಯನ್ನು ಉದ್ದ ಮಾಡುವುದಲ್ಲ. ಸಾಧನವೇ ಎಕರೆಯನ್ನೂ ಗುಂಟೆಯನ್ನೂ ಬೇರೆ ಬೇರೆ ಅಂಕಣಗಳಲ್ಲಿ, ಹೆಸರಿನೊಡನೆ ಒಪ್ಪಿಸುವಂತೆ ಮಾಡುವುದು. ತಪ್ಪಾಗಿ ಓದಲು ಅವಕಾಶವೇ ಇಲ್ಲದ ರೂಪಕ್ಕೆ ವಿವರಣೆ ಹೆಚ್ಚು ಬೇಕಾಗುವುದಿಲ್ಲ.

ಇನ್ನು ಹೆಸರುಗಳು. ಮೂಡಲಬಾಗಿಲು ಎಂಬುದರಿಂದ ಬಂದಿತೆಂದು ಹೇಳುವ ಮುಳಬಾಗಿಲು ಕನ್ನಡದಲ್ಲಿಯೇ ಮುಳಬಾಗಲು ಎಂದೂ ಆಗುತ್ತದೆ. ರೋಮನ್ ಲಿಪಿಯಲ್ಲಿ ಅದಕ್ಕೆ ಇರುವ ಕಾಗುಣಿತಗಳು ಇನ್ನೂ ಹೆಚ್ಚು. ಕೋಲಾರ್ ಎಂಬ ಹೆಸರಿನ ನದಿಯೂ ಅಣೆಕಟ್ಟೂ ಮಧ್ಯಪ್ರದೇಶದಲ್ಲಿವೆ. ಶ್ರೀನಿವಾಸಪುರದ ಮಾವಿಗೆ ಬಂದರೆ, ತೋತಾಪುರಿ ಹಣ್ಣನ್ನೇ ಒಬ್ಬರು ಗಿಣಿಮೂತಿ ಎನ್ನುತ್ತಾರೆ, ಇನ್ನೊಬ್ಬರು ಬೆಂಗಳೂರಾ ಎನ್ನುತ್ತಾರೆ, ಗಡಿಯಾಚೆ ಕಲೆಕ್ಟರ್ ಎನ್ನುವವರೂ ಇದ್ದಾರೆ. ಸಾಧನವು ಯಾವ ಹೆಸರನ್ನು ಒಪ್ಪುತ್ತದೆಂಬುದು ಗುಟ್ಟಾಗಿರಬಾರದು. ಒಪ್ಪುವ ಹೆಸರುಗಳ ಪಟ್ಟಿಯನ್ನೇ ವಿವರಣೆಯಲ್ಲಿ ಕೊಟ್ಟುಬಿಡುವುದು ಸುಲಭ. ಪಟ್ಟಿ ಬಹಳ ದೊಡ್ಡದಾದರೆ, ಹೆಸರನ್ನು ಹುಡುಕಿಕೊಡುವ ಇನ್ನೊಂದು ಸಾಧನವನ್ನು ಮಾಡಿ, “ಮೊದಲು ಅದನ್ನು ನಡೆಸಿ” ಎಂದು ಇಲ್ಲಿ ಬರೆಯಬೇಕು. ದಿನಾಂಕವೂ ಅಷ್ಟೆ, 07/08 ಎಂದರೆ ನಮಗೆ ಆಗಸ್ಟ್ ಏಳು, ಅಮೆರಿಕದವರಿಗೆ ಜುಲೈ ಎಂಟು.

ಸಾಧನವು ಸೋತಾಗ ಆಡುವ ಮಾತೂ ವಿವರಣೆಯ ಭಾಗವೇ ಎಂಬುದನ್ನು ಅನೇಕರು ಮರೆಯುತ್ತಾರೆ. ಮಂಡಿಗೆ ರಜೆಯಿದ್ದ ದಿನ ದಾಖಲೆಯಿರುವುದಿಲ್ಲ. ಆಗ ಸಾಧನವು ಸೊನ್ನೆಯನ್ನು ಹಿಂದಿರುಗಿಸಿದರೆ “ಇಂದು ಟೊಮೇಟೊ ಬೆಲೆ ಸೊನ್ನೆ” ಎಂಬ ಉತ್ತರ ಬಂದೀತು. ರಸ್ತೆಗೆ ಸುರಿಯುವಷ್ಟು ಬೆಲೆ ಬಿದ್ದ ದಿನಗಳನ್ನು ಕಂಡ ಈ ಜಿಲ್ಲೆಯಲ್ಲಿ ಅದನ್ನೂ ನಂಬುವವರಿರಬಹುದು. “ತಪ್ಪು ಸಂಭವಿಸಿದೆ” ಎಂದಷ್ಟೇ ಹೇಳಿದರೆ ಏಜೆಂಟ್ ಅದೇ ಚೀಟಿಯನ್ನು ಮತ್ತೆ ಮತ್ತೆ ಬರೆಯುತ್ತ ಕೂರುವುದುಂಟು. “ಈ ದಿನ ಈ ಮಾರುಕಟ್ಟೆಯ ದಾಖಲೆ ಇಲ್ಲ, ಬೆಲೆ ಸೊನ್ನೆಯೆಂದು ತಿಳಿಯಬೇಡಿ, ಕೊನೆಯ ದಾಖಲೆ ಇಂಥ ದಿನದ್ದು” ಎಂದರೆ ಮುಂದಿನ ಹೆಜ್ಜೆ ತಾನಾಗಿಯೇ ಸ್ಪಷ್ಟವಾಗುತ್ತದೆ.

ಯಂತ್ರ ಓದುಗನು ಹೊಸಬನಾದರೂ ಈ ವಿದ್ಯೆ ಪೂರ್ತಿ ಹೊಸದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯ ಕೈಪಿಡಿಯ ಮೊದಲ ಆವೃತ್ತಿಯನ್ನು 1971ರ ನವೆಂಬರ್ 3ರ ದಿನಾಂಕದೊಡನೆ ಹೊರತಂದರು. ಅದರಲ್ಲಿ ಪ್ರತಿಯೊಂದು ಆದೇಶಕ್ಕೂ ಒಂದೇ ಅಚ್ಚಿನ ವಿವರಣೆ: ಹೆಸರು, ಬರೆಯುವ ಕ್ರಮ, ವರ್ಣನೆ, ಮತ್ತು ದೋಷಗಳು. ಹೌದು, ದೋಷಗಳಿಗೆಂದೇ ಒಂದು ಶೀರ್ಷಿಕೆ! ತಾವು ಮಾಡಿದ ವಸ್ತುವಿನ ಕುಂದನ್ನು ತಾವೇ ಅಚ್ಚುಹಾಕಿದ ಆ ಪ್ರಾಮಾಣಿಕತೆ ನನಗೆ ಬಹಳ ಮೆಚ್ಚುಗೆಯಾದದ್ದು. ನಮ್ಮ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸಿನ ಪೆಟ್ಟಿಗೆಯ ಮೇಲೆ ಅದರ ಶೂನ್ಯದೋಷವನ್ನು ಯಾರೋ ಹಳಬರು ಶಾಯಿಯಲ್ಲಿ ಬರೆದಿಟ್ಟಿರುವುದೂ ಇದೇ ಮನೋಧರ್ಮದಿಂದ.

ಆದರೆ ವಿವರಣೆ ಸರಿಯಾಗಿದ್ದ ಮಾತ್ರಕ್ಕೆ ಆಗಲಿಲ್ಲ. ಸಾಧನವು ಅದರಂತೆ ನಡೆಯಬೇಕು. ಮಂಗಳಗ್ರಹದತ್ತ 1998ರ ಡಿಸೆಂಬರಿನಲ್ಲಿ ಹೊರಟ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ಅಮೆರಿಕದ ನೌಕೆ 1999ರ ಸೆಪ್ಟೆಂಬರ್ 23ರಂದು ನಷ್ಟವಾದ ಕಥೆ ಪ್ರಸಿದ್ಧವಾದುದು. ಏಕಮಾನಗಳ ಗೊಂದಲವೇ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಅಷ್ಟಾಗಿ ಹೇಳದ ಅಂಶವೊಂದಿದೆ. ನೌಕೆಯ ಚಿಕ್ಕ ರಾಕೆಟ್ಟುಗಳ ನೂಕುಬಲದ ಲೆಕ್ಕವನ್ನು ನ್ಯೂಟನ್-ಸೆಕೆಂಡುಗಳಲ್ಲಿ ಕೊಡಬೇಕೆಂದು ವಿವರಣಪತ್ರದಲ್ಲಿ ಬರೆದೇ ಇತ್ತು. ಭೂಮಿಯ ಮೇಲಿನ ಪ್ರೋಗ್ರಾಮೊಂದು ಅದನ್ನು ಪೌಂಡ್-ಸೆಕೆಂಡುಗಳಲ್ಲಿ ಕೊಡುತ್ತಿತ್ತು. ಸುಮಾರು 4.45 ಪಟ್ಟು ವ್ಯತ್ಯಾಸ. ಸಂಖ್ಯೆಯನ್ನು ಪಡೆದ ಕಡೆಯವರು ವಿವರಣೆಯನ್ನು ನಂಬಿದರು. ಪ್ರೋಗ್ರಾಮನ್ನು ತಿದ್ದಿದ ದಿನವೇ ವಿವರಣೆಯನ್ನೂ ತಿದ್ದಬೇಕು, ತಿದ್ದಿದ ಮೇಲೆ ಗೊತ್ತಿರುವ ಉತ್ತರವುಳ್ಳ ಪ್ರಶ್ನೆಗಳನ್ನು ಕೇಳಿ ಪರೀಕ್ಷಿಸಬೇಕು ಎಂಬ ನಿಯಮ ಬಂದದ್ದು ಇಂಥ ಅನುಭವಗಳಿಂದಲೇ.

ಓದಿ ಹೇಳುವ ಸಾಧನ ಒಂದು ಬಗೆ; ಲೋಕದಲ್ಲಿ ಏನನ್ನಾದರೂ ಬದಲಾಯಿಸುವ ಸಾಧನ ಇನ್ನೊಂದು ಬಗೆ. ಬೆಲೆಯನ್ನು ಹತ್ತು ಸಲ ಕೇಳಿದರೆ ಹಾನಿಯಿಲ್ಲ. ಲಾರಿಯನ್ನು ಗೊತ್ತುಮಾಡುವ ಸಾಧನವನ್ನು ಎರಡು ಸಲ ನಡೆಸಿದರೆ ವಡ್ಡಹಳ್ಳಿಯ ಮಂಡಿಗೆ ಹೊರಡಬೇಕಾದ ತೋಟದ ಬಾಗಿಲಿಗೆ ಎರಡು ಲಾರಿ ಬಂದು ನಿಲ್ಲುತ್ತವೆ. ಚೀಟಿ ತಲುಪಿ ಕೆಲಸವಾದ ಮೇಲೆ, ಉತ್ತರ ಬರುವ ಮೊದಲು ಸಂಪರ್ಕ ಕಡಿದುಹೋದರೆ ಏಜೆಂಟಿಗೆ ಕೆಲಸವಾಯಿತೋ ಇಲ್ಲವೋ ತಿಳಿಯದು. ಮತ್ತೆ ನಡೆಸಿದರೆ ಕ್ಷೇಮವೆ, ಮೊದಲು ಮನುಷ್ಯನ ಒಪ್ಪಿಗೆ ಬೇಕೆ, ಆದದ್ದನ್ನು ರದ್ದು ಮಾಡಬಹುದೆ ಎಂಬುದನ್ನು ವಿವರಣೆಯೇ ಹೇಳಬೇಕು. ಮೇಲೆ ಹೇಳಿದ ಒಪ್ಪಂದದಲ್ಲಿ ಓದುವುದಕ್ಕೆ ಮಾತ್ರ ಇರುವ ಸಾಧನ, ನಾಶಮಾಡಬಲ್ಲ ಸಾಧನ, ಮರಳಿ ನಡೆಸಿದರೆ ಹೆಚ್ಚಿನ ಪರಿಣಾಮವಿಲ್ಲದ ಸಾಧನ ಎಂದು ಗುರುತು ಹಚ್ಚಲು 2025ರಲ್ಲಿ ಏರ್ಪಾಡಾಯಿತು. ಆದರೂ ಗುರುತು ಹಚ್ಚುವವನು ಸಾಧನವನ್ನು ಮಾಡಿದವನೇ. ಅಪರಿಚಿತರ ವಿವರಣೆಯೊಳಗೆ “ಬಳಸುವವನ ಗುಟ್ಟನ್ನೂ ಕಳುಹಿಸು” ಎಂಬಂಥ ಮಾತು ಅಡಗಿದ್ದರೆ ಮಾದರಿಯು ಅದನ್ನೂ ಪಾಲಿಸಿಬಿಡುವ ಅಪಾಯವುಂಟು. ಆದ್ದರಿಂದ ಕಂಡ ಕಂಡ ಸಾಧನವನ್ನು ಅದರ ಕೈಗೆ ಕೊಡಲಾಗದು.

ಹಾಗಾದರೆ ಎಲ್ಲವನ್ನೂ ಪುಟಗಟ್ಟಲೆ ಬರೆದುಬಿಡೋಣವೆ? ಅದೂ ಸಲ್ಲದು. ಮಾದರಿಯು ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಬರಹಕ್ಕೆ ಮಿತಿಯಿದೆ. ವಿವರಣೆಗಳು ಆ ಜಾಗದ ಪಾಲನ್ನು ಪ್ರತಿ ಪ್ರಶ್ನೆಗೂ ತಿನ್ನುತ್ತವೆ. ಹಲವು ಮಾದರಿಗಳು ಕನ್ನಡ ಬರಹವನ್ನು ಇಂಗ್ಲಿಷಿಗಿಂತ ಹೆಚ್ಚು ಚೂರುಗಳಾಗಿ ಒಡೆದು ಓದುವುದರಿಂದ ನಮ್ಮ ಭಾಷೆಗೆ ಈ ತೆರಿಗೆ ಇನ್ನಷ್ಟು ಭಾರ. “ಬೆಲೆ ತರು”, “ಬೆಲೆ ನೋಡು”, “ದರ ಪಡೆ” ಎಂದು ಒಂದರಂತೆ ಇನ್ನೊಂದಿರುವ ಮೂರು ಸಾಧನಗಳಿಗಿಂತ ಚೆನ್ನಾಗಿ ವಿವರಿಸಿದ ಒಂದೇ ಸಾಧನ ಮೇಲು. ನಾನು ಅನುಸರಿಸುವ ಪರೀಕ್ಷೆಯೊಂದಿದೆ: ಕೋಲಾರದ ಮಂಡಿಯನ್ನು ಎಂದೂ ನೋಡದ ಸಹೋದ್ಯೋಗಿಯೊಬ್ಬರ ಕೈಗೆ ವಿವರಣೆಯನ್ನು ಮಾತ್ರ ಕೊಟ್ಟು, ಅವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳುತ್ತೇನೆ. ಆ ಪ್ರಶ್ನೆಗಳ ಉತ್ತರಗಳೇ ವಿವರಣೆಗೆ ಸೇರಬೇಕಾದವು. ಅವರು ಕೇಳದೆಯೇ ತಿಳಿದುಕೊಂಡದ್ದು ಬಿಟ್ಟರೂ ನಡೆಯುತ್ತದೆ.

ಹಾಗೆ ಕೇಳಿದ ಒಂದು ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಪೂರ್ತಿ ಉತ್ತರವಿರಲಿಲ್ಲ. ಒಂದೇ ದಿನ, ಒಂದೇ ಮಂಡಿಯಲ್ಲಿ ಒಬ್ಬನ ಪೆಟ್ಟಿಗೆ 400ಕ್ಕೆ ಹೋಗಿ ಪಕ್ಕದವನದು 200ಕ್ಕೆ ನಿಲ್ಲುವುದುಂಟು. ಹಣ್ಣಿನ ಗಾತ್ರ, ಬಿಗಿ, ಬಣ್ಣ ಇವನ್ನು ಕೊಳ್ಳುವವನ ಕಣ್ಣು ಅಳೆಯುತ್ತದೆ. ನಮ್ಮ ಮೂರು ಸಂಖ್ಯೆಗಳಲ್ಲಿ ಆ ಕಣ್ಣಿಲ್ಲ. ಆದುದರಿಂದ ವಿವರಣೆಯ ಕೆಳಗೆ ಯುನಿಕ್ಸಿನವರಂತೆ “ದೋಷಗಳು” ಎಂಬ ಶೀರ್ಷಿಕೆಯಿಟ್ಟು ಹೀಗೆ ಬರೆದಿದ್ದೇವೆ: “ಇದು ಮಂಡಿಯಲ್ಲಿ ದಾಖಲಾದ ಬೆಲೆ. ಕೇಳುವವರ ಹಣ್ಣಿನ ದರ್ಜೆ ಈ ಸಾಧನಕ್ಕೆ ತಿಳಿಯದು; ಸಾಗಣೆಯ ಖರ್ಚು, ಕಮಿಷನ್ ಕಳೆದಿಲ್ಲ. ಕನಿಷ್ಠ ಮತ್ತು ಗರಿಷ್ಠ ಬೆಲೆಗಳನ್ನೂ ತಪ್ಪದೆ ಹೇಳಿ. ಇದೇ ನಿಮಗೆ ಸಿಗುವ ಬೆಲೆಯೆಂದು ಹೇಳಬೇಡಿ.”